ಕಬ್ಬಿಣ ಬರುತ್ತದೆ, ಆಮ್ಲ ಮರಳುತ್ತದೆಯೇ?

ಸಿಮೆಂಟಿಗೆ ಬೂದು ಬಣ್ಣ ಬರುವುದು ಮುಖ್ಯವಾಗಿ ಅದರೊಳಗಿನ ಕಬ್ಬಿಣದಿಂದ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯವರಾದ ನಮಗೆ ಸಿಮೆಂಟ್ ಎಂದ ಕೂಡಲೇ ನೆನಪಾಗುವುದು ಸುಣ್ಣದ ಕಲ್ಲು. ಕೋಡ್ಲಾದ ಶ್ರೀ ಸಿಮೆಂಟ್ ಇರಲಿ, ಮಳಖೇಡದ ರಾಜಶ್ರೀ ಇರಲಿ, ಸೇಡಂನ ವಾಸವದತ್ತಾ ಇರಲಿ, ವಾಡಿಯ ಎಸಿಸಿ ಇರಲಿ, ಬರೀ ಸುಣ್ಣದ ಕಲ್ಲು ಸುಟ್ಟು ಸಿಮೆಂಟ್ ಮಾಡುವ ಕಾರ್ಖಾನೆ ಯಾವುದೂ ಇಲ್ಲ. ಸುಣ್ಣದ ಜೊತೆ ಸಿಲಿಕಾ ಬೇಕು, ಅಲ್ಯುಮಿನಾ ಬೇಕು, ಸ್ವಲ್ಪ ಕಬ್ಬಿಣವೂ ಬೇಕು. ಸುಮಾರು 1,450 ಡಿಗ್ರಿ ಶಾಖದಲ್ಲಿ ಈ ಮಿಶ್ರಣದ ಒಂದು ಭಾಗ ಕರಗಿ ದ್ರವವಾದರೆ ಮಾತ್ರ ಉಳಿದದ್ದು ಬೆಂದು ಕ್ಲಿಂಕರ್ ಆಗುತ್ತದೆ. ಆ ದ್ರವ ಹುಟ್ಟಿಸುವ ಕೆಲಸ ಕಬ್ಬಿಣದ್ದು ಮತ್ತು ಅಲ್ಯುಮಿನಾದ್ದು. ಕಬ್ಬಿಣವನ್ನು ದೂರವಿಟ್ಟು ಸುಟ್ಟರೆ ಸಿಗುವುದು ಬಿಳಿ ಸಿಮೆಂಟ್. ಅದಕ್ಕೆ ಇಂಧನವೂ ಹೆಚ್ಚು, ಬೆಲೆಯೂ ಹೆಚ್ಚು.

ಸಾಮಾನ್ಯ ಕ್ಲಿಂಕರಿನಲ್ಲಿ ಕಬ್ಬಿಣದ ಆಕ್ಸೈಡ್ ಶೇ 3ರಿಂದ 5ರಷ್ಟು ಇರುತ್ತದೆ. ವರ್ಷಕ್ಕೆ 30 ಲಕ್ಷ ಟನ್ ಕ್ಲಿಂಕರ್ ಸುಡುವ ಒಂದು ಕಾರ್ಖಾನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಶೇ 4ರಂತೆ ಹಿಡಿದರೂ 1.2 ಲಕ್ಷ ಟನ್ ಕಬ್ಬಿಣದ ಆಕ್ಸೈಡ್ ಅದರ ಬಟ್ಟಿಯ ಮೂಲಕ ಹಾದುಹೋಗುತ್ತದೆ. ಸುಣ್ಣದ ಕಲ್ಲಿನಲ್ಲಿ ಇರುವಷ್ಟು ಸಾಲದೆ ಬಂದರೆ ಕೊರತೆಯನ್ನು ಜಂಬಿಟ್ಟಿಗೆ ಮಣ್ಣು, ಕೀಳು ದರ್ಜೆಯ ಅದಿರಿನ ಪುಡಿ, ಬೇರೆ ಕಾರ್ಖಾನೆಗಳ ಕಬ್ಬಿಣದಂಶದ ತ್ಯಾಜ್ಯ ಇವುಗಳಿಂದ ತುಂಬಿಕೊಳ್ಳುತ್ತಾರೆ. ಉಕ್ಕಿನವರು ಬೇಡವೆಂದ ಸರಕಿಗೆ ಸಿಮೆಂಟಿನವರು ಗಿರಾಕಿ.

ರಸಾಯನಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಈ ಕೆಂಪು ಮಣ್ಣಿನಲ್ಲಿ ಇಷ್ಟು ಕಬ್ಬಿಣ ಇದೆಯೆಂದಾದರೆ, ಅದನ್ನು ಬಟ್ಟಿಗೆ ಸುರಿಯುವ ಬದಲು ಆಮ್ಲದಲ್ಲಿ ಕರಗಿಸಿ, ಬಸಿದು, ಶುದ್ಧ ಕಬ್ಬಿಣವನ್ನೇ ಯಾಕೆ ತೆಗೆಯಬಾರದು? ತೆಗೆಯಬಹುದು. ರಸಾಯನಶಾಸ್ತ್ರ ಇದಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಆಮ್ಲದ ಲೆಕ್ಕ. ಆ ಲೆಕ್ಕವನ್ನು ನಾವು, ಈ ನೆಲದಲ್ಲಿ ಬೋರ್‌ವೆಲ್ ನೀರು ಕುಡಿಯುವವರು, ಬಿಡಿಸಿ ನೋಡಲೇಬೇಕು.

ಮೊದಲು ‘ಕೀಳು ದರ್ಜೆ’ ಎಂದರೇನು ನೋಡೋಣ. ಭಾರತೀಯ ಗಣಿ ಬ್ಯೂರೋ ಹೆಮಟೈಟ್ ಅದಿರಿಗೆ ಶೇ 45 ಕಬ್ಬಿಣವನ್ನು ಕನಿಷ್ಠ ಮಿತಿಯಾಗಿ ಇಟ್ಟಿದೆ. ಬಳ್ಳಾರಿ, ಸಂಡೂರಿನ ಒಳ್ಳೆಯ ಅದಿರು ಶೇ 60 ದಾಟುತ್ತದೆ. ಬಸಾಲ್ಟ್ ಶಿಲೆ ಮಳೆ ಬಿಸಿಲಿಗೆ ಲಕ್ಷಾಂತರ ವರ್ಷ ಸವೆದು ಆದ ಬೀದರ್ ಕಡೆಯ ಜಂಬಿಟ್ಟಿಗೆಯಲ್ಲಿ ಕಬ್ಬಿಣ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಇರುತ್ತದೆ. ಲೆಕ್ಕಕ್ಕೆ ಇಲ್ಲಿ ಶೇ 25 ಎಂದು ಹಿಡಿಯುತ್ತೇನೆ. ಇನ್ನೊಂದು ತುದಿಯಲ್ಲಿ ‘ಶುದ್ಧ ಕಬ್ಬಿಣ’ವಿದೆ. ಊದುಕುಲುಮೆಯಿಂದ ಇಳಿಯುವ ಕಬ್ಬಿಣದಲ್ಲಿ ಇಂಗಾಲವೇ ಸುಮಾರು ಶೇ 4 ಇರುತ್ತದೆ. ವಿದ್ಯುತ್ ಹರಿಸಿ ಪಡೆದ ಕಬ್ಬಿಣ ಶೇ 99.9ರ ಮಟ್ಟ ಮುಟ್ಟಬಲ್ಲದು. ಮೋಟಾರುಗಳ ಅಯಸ್ಕಾಂತ ಭಾಗಗಳು, ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡುವ ಯಂತ್ರಭಾಗಗಳು, ಆಹಾರ ಮತ್ತು ಔಷಧಕ್ಕೆ ಸೇರಿಸುವ ಕಬ್ಬಿಣಾಂಶ, ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಇವಕ್ಕೆಲ್ಲ ಇಂಥ ಶುದ್ಧತೆ ಬೇಕು. ರಕ್ತಹೀನತೆಗೆ ನುಂಗುವ ಮಾತ್ರೆಯಲ್ಲಿ ಸೀಸ, ಆರ್ಸೆನಿಕ್ ಸುಳಿಯಬಾರದಲ್ಲ!

ಕೀಳು ಅದಿರನ್ನು ಮೇಲ್ದರ್ಜೆಗೆ ಏರಿಸಿದ ದೊಡ್ಡ ಅನುಭವ ಕರ್ನಾಟಕಕ್ಕೆ ಇದೆ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಪಶ್ಚಿಮ ಘಟ್ಟದ ಬಡ ಮ್ಯಾಗ್ನೆಟೈಟ್ ಅದಿರನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಹಿಡಿದು, ಶೇ 67ರ ಆಸುಪಾಸಿಗೆ ತಂದು, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿತ್ತು. ಅಲ್ಲಿ ಆಮ್ಲದ ಹಂಗಿರಲಿಲ್ಲ. ಆದರೂ ಅರೆದು ಉಳಿದ ಹುಡಿ ಕೋಟಿಗಟ್ಟಲೆ ಟನ್ ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿಕೊಂಡಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಹೋಯಿತು, ಹುಡಿ ಉಳಿಯಿತು. ಬಡ ಅದಿರಿನ ಯಾವ ಯೋಜನೆಯಲ್ಲೂ ಏನು ಸಿಕ್ಕಿತು ಎಂಬುದಕ್ಕಿಂತ ಏನು ಉಳಿಯಿತು ಎಂಬುದೇ ದೊಡ್ಡ ಸಂಗತಿ ಎಂದು ಕುದುರೆಮುಖ ತೋರಿಸಿಕೊಟ್ಟಿದೆ.

ಜಂಬಿಟ್ಟಿಗೆಗೆ ಕುದುರೆಮುಖದ ಉಪಾಯ ನಡೆಯುವುದಿಲ್ಲ. ಅಲ್ಲಿ ಕಬ್ಬಿಣದ ಕಣ ಬೇರೆ, ಸಿಲಿಕಾ ಕಣ ಬೇರೆ ಇದ್ದವು. ಇಲ್ಲಿ ಕಬ್ಬಿಣವಿರುವುದು ಬಹುಪಾಲು ಗೋಥೈಟ್, ಹೆಮಟೈಟ್ ರೂಪದಲ್ಲಿ, ಅತಿ ಸಣ್ಣ ಕಣಗಳಾಗಿ. ಗೋಥೈಟಿನ ಹರಳಿನೊಳಗೇ ಕಬ್ಬಿಣದ ಜಾಗದಲ್ಲಿ ಅಲ್ಯುಮಿನಿಯಂ ಕೂತಿರುತ್ತದೆ. ಎಷ್ಟು ಅರೆದರೂ ಇವೆರಡು ಬೇರೆಯಾಗುವುದಿಲ್ಲ. ಹರಳನ್ನೇ ಕರಗಿಸಬೇಕು. ಆಮ್ಲದ ಪ್ರವೇಶ ಇಲ್ಲಿ.

ಪ್ರಯೋಗಾಲಯದ ಮೇಜಿನ ಮೇಲೆ ಎರಡು ತುಂಡು ಇಟ್ಟು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಒಂದು ಶಹಾಬಾದ್ ಫರ್ಸಿ, ಇನ್ನೊಂದು ಜಂಬಿಟ್ಟಿಗೆ. ಫರ್ಸಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದ ಕ್ಷಣವೇ ಬುಸ್ಸೆಂದು ನೊರೆ ಏಳುತ್ತದೆ, ಆಮ್ಲ ತೀರಿ ಸುಮ್ಮನಾಗುತ್ತದೆ, ಕಲ್ಲಿನ ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಫರ್ಸಿ ನೆಲಕ್ಕೆ ತಾಗಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದಕ್ಕೇ. ಜಂಬಿಟ್ಟಿಗೆಯ ಮೇಲೆ ಬಿದ್ದ ಹನಿ ಮಾತ್ರ ನೊರೆಯೇಳದೆ ನಿಲ್ಲುತ್ತದೆ. ಅದೇ ಕಲ್ಲನ್ನು ಪುಡಿ ಮಾಡಿ ಬೆಚ್ಚನೆಯ ಆಮ್ಲದಲ್ಲಿ ಬಿಟ್ಟರೆ ನಿಧಾನವಾಗಿ ದ್ರವ ಹಳದಿಗೆ ತಿರುಗುತ್ತದೆ, ಕೆಂಪು ಪುಡಿ ಬಿಳಿಚಿಕೊಳ್ಳುತ್ತದೆ. ಆ ಹಳದಿಯೇ ಕರಗಿದ ಕಬ್ಬಿಣ, ಫೆರಿಕ್ ಕ್ಲೋರೈಡ್. ತಳದಲ್ಲಿ ಉಳಿದದ್ದು ಹೆಚ್ಚಾಗಿ ಸಿಲಿಕಾ. ಸುಣ್ಣದ ಕಲ್ಲು ಬೆರೆತ ಸರಕನ್ನು ಆಮ್ಲಕ್ಕೆ ಹಾಕಿದರೆ ಆಮ್ಲವನ್ನು ಮೊದಲು ಕುಡಿಯುವುದು ಸುಣ್ಣ, ಆಮೇಲೆ ಕಬ್ಬಿಣ. ನೂರು ಕೆ.ಜಿ. ಸುಣ್ಣದ ಕಲ್ಲು 73 ಕೆ.ಜಿ. ಆಮ್ಲವನ್ನು ಸುಮ್ಮನೆ ನುಂಗುತ್ತದೆ. ಹೀಗಾಗಿ ಈ ವಿದ್ಯೆ ನಮ್ಮ ಗಣಿಗಳ ಮೇಲ್ಮಣ್ಣಿಗೆಲ್ಲ ಹೊಂದುವಂಥದ್ದಲ್ಲ.

ಈಗ ಲೆಕ್ಕ. ಕಬ್ಬಿಣದ ಆಕ್ಸೈಡಿನ ಒಂದು ಅಣುವಿಗೆ ಆಮ್ಲದ ಆರು ಅಣು ಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಟನ್ ಕಬ್ಬಿಣ ಕರಗಲು ಸುಮಾರು 1.96 ಟನ್ ಹೈಡ್ರೋಜನ್ ಕ್ಲೋರೈಡ್. ಮಾರುಕಟ್ಟೆಯಲ್ಲಿ ಸಿಗುವ ಆಮ್ಲದಲ್ಲಿ ಇದು ಮೂರನೇ ಒಂದು ಭಾಗ ಮಾತ್ರ, ಉಳಿದದ್ದು ನೀರು. ಅಂದರೆ ಒಂದು ಟನ್ ಕಬ್ಬಿಣಕ್ಕೆ ಸುಮಾರು 6 ಟನ್ ಆಮ್ಲದ ಟ್ಯಾಂಕರ್ ಬರಬೇಕು. ಶೇ 25ರ ಮಣ್ಣಾದರೆ 4 ಟನ್ ಮಣ್ಣೂ ಬೇಕು. ಅಲ್ಯುಮಿನಿಯಂ ಕುಡಿಯುವ ಆಮ್ಲ ಈ ಲೆಕ್ಕದ ಹೊರಗಿದೆ.

ಕರಗಿದ ಮೇಲೂ ಕಬ್ಬಿಣ ಒಂಟಿಯಾಗಿಲ್ಲ. ಅಲ್ಯುಮಿನಿಯಂ, ಸ್ವಲ್ಪ ಟೈಟಾನಿಯಂ, ಕ್ರೋಮಿಯಂ, ವೆನೇಡಿಯಂ ಎಲ್ಲವೂ ಅದೇ ದ್ರವದಲ್ಲಿರುತ್ತವೆ. ಬೇರ್ಪಡಿಸುವ ಉಪಾಯ ಬಹಳ ಸೊಗಸಾದದ್ದು. ಗಟ್ಟಿ ಆಮ್ಲದಲ್ಲಿ ಕಬ್ಬಿಣ ನಾಲ್ಕು ಕ್ಲೋರೈಡುಗಳನ್ನು ಸುತ್ತ ಕಟ್ಟಿಕೊಂಡು ಋಣ ವಿದ್ಯುದಂಶದ ಗುಂಪಾಗುತ್ತದೆ. ಅಲ್ಯುಮಿನಿಯಂ ನೀರಿನಲ್ಲಿ ಹಾಗೆ ಕಟ್ಟಿಕೊಳ್ಳುವುದಿಲ್ಲ. ಈ ದ್ರವವನ್ನು ಟ್ರೈಬ್ಯೂಟೈಲ್ ಫಾಸ್ಫೇಟ್ ಎಂಬ ಎಣ್ಣೆಯಂಥ ದ್ರಾವಕದೊಡನೆ ಕಲಕಿ ಬಿಟ್ಟರೆ ಎರಡು ಪದರ ಆಗುತ್ತವೆ. ಕಬ್ಬಿಣ ಮೇಲಿನ ಎಣ್ಣೆಗೆ ಹೋಗಿ ಕೂರುತ್ತದೆ, ಅಲ್ಯುಮಿನಿಯಂ ಕೆಳಗಿನ ನೀರಿನಲ್ಲೇ ಉಳಿಯುತ್ತದೆ. ಆ ಎಣ್ಣೆಯನ್ನು ಬೇರೆ ತೆಗೆದು ಬರೀ ನೀರಿನೊಡನೆ ಕಲಕಿದರೆ ಆಮ್ಲದ ಗಟ್ಟಿತನ ಇಳಿದು ಕಬ್ಬಿಣ ಮತ್ತೆ ನೀರಿಗೆ ಬರುತ್ತದೆ. ಬಳಸಿದ ಎಣ್ಣೆ ಮುಂದಿನ ಸುತ್ತಿಗೆ ಸಿದ್ಧ. ಅಣುಶಕ್ತಿ ಇಲಾಖೆಯವರು ಬಳಸಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸಲು ನೆಚ್ಚಿಕೊಂಡಿರುವ ದ್ರಾವಕವೂ ಇದೇ. ಈ ಹಂತ ದಾಟಿದ ಕಬ್ಬಿಣದ ದ್ರಾವಣ ಬಲು ಶುದ್ಧ.

ಇನ್ನು ಆಮ್ಲವನ್ನು ಮರಳಿ ಪಡೆಯುವುದು. ಇದಕ್ಕೆ ಮಾದರಿ ಕಲಬುರಗಿಯಿಂದ ಬಹಳ ದೂರವೇನಿಲ್ಲ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಲ್ಲಿ ಹಾಳೆಯುಕ್ಕಿನ ಮೇಲಿನ ಕಿಲುಬನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುತ್ತಾರೆ. ಕಬ್ಬಿಣ ಕರಗಿದ ಹಳೆಯ ಆಮ್ಲವನ್ನು ಬಿಸಿ ಕೋಣೆಯೊಳಗೆ ಹನಿಹನಿಯಾಗಿ ಸಿಂಪಡಿಸುವುದು ಈ ಉದ್ಯಮದಲ್ಲಿ ಬೇರೂರಿದ ಪದ್ಧತಿ. ನೀರು ಆವಿಯಾಗುತ್ತದೆ, ಕ್ಲೋರೈಡ್ ಒಡೆದು ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಕೆಳಗೆ ಬೀಳುತ್ತದೆ, ಆಮ್ಲ ಅನಿಲವಾಗಿ ಮೇಲೆದ್ದು ನೀರಿನಲ್ಲಿ ಕರಗಿ ಮತ್ತೆ ತೊಟ್ಟಿ ಸೇರುತ್ತದೆ. ಆ ಪುಡಿ ಸ್ಪೀಕರ್, ಮೋಟಾರಿನ ಫೆರೈಟ್ ಅಯಸ್ಕಾಂತಗಳಿಗೆ ಹೋಗುತ್ತದೆ. ಅದನ್ನು ಲೋಹ ಮಾಡಬೇಕೆಂದರೆ ಹೈಡ್ರೋಜನ್ ಹಾಯಿಸಬೇಕು, ಟನ್ ಕಬ್ಬಿಣಕ್ಕೆ ಕನಿಷ್ಠ 54 ಕೆ.ಜಿ.

ಆಮ್ಲ ಮರಳುವುದೇನೋ ನಿಜ, ಪುಕ್ಕಟೆಯಾಗಿ ಮರಳುವುದಿಲ್ಲ. ಒಂದು ಲೀಟರ್ ದ್ರಾವಣದಲ್ಲಿ 100 ಗ್ರಾಂ ಕಬ್ಬಿಣ ಇದ್ದರೆ ಒಂದು ಕೆ.ಜಿ. ಕಬ್ಬಿಣಕ್ಕಾಗಿ ಸುಮಾರು 9 ಲೀಟರ್ ನೀರನ್ನು ಕುದಿಸಿ ಹಾರಿಸಬೇಕು. ಟನ್ನಿಗೆ ಲೆಕ್ಕ ಹಾಕಿದರೆ ಬರೀ ನೀರು ಹಾರಿಸಲು ತಗಲುವ ಶಾಖವೇ ಕಲ್ಲಿದ್ದಲಿನ ದಾರಿಯಲ್ಲಿ ಅದಿರಿನಿಂದ ಒಂದು ಟನ್ ಉಕ್ಕು ಮಾಡುವ ಒಟ್ಟು ಶಾಖಕ್ಕೆ ಹೆಚ್ಚುಕಡಿಮೆ ಸಮ. ಸಾಮಾನ್ಯ ಉಕ್ಕಿನ ದರಕ್ಕೆ ಈ ಕಬ್ಬಿಣ ಮಾರಿದರೆ ನಷ್ಟ ಖಂಡಿತ. ಶುದ್ಧತೆಗೆ ದುಡ್ಡು ಕೊಡುವ ಗಿರಾಕಿ ಸಿಕ್ಕರೆ ಮಾತ್ರ ಇದು ಉದ್ಯಮ.

ಗಿರಾಕಿ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಕೊಲ್ಲಂ ಬಳಿಯ ಚವರ ಸಾಕ್ಷಿ. ಅಲ್ಲಿನ ಸರ್ಕಾರಿ ಕಂಪನಿ ಕೆಎಂಎಂಎಲ್ ಕಡಲ ಮರಳಿನ ಇಲ್ಮನೈಟಿನಿಂದ ಟೈಟಾನಿಯಂ ಉತ್ಪನ್ನ ತಯಾರಿಸುತ್ತದೆ. ಇಲ್ಮನೈಟಿನಲ್ಲಿ ಟೈಟಾನಿಯಂ ಜೊತೆ ಕಬ್ಬಿಣ ಸೇರಿಕೊಂಡಿರುವುದರಿಂದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣವನ್ನು ಕರಗಿಸಿ ತೆಗೆಯುತ್ತಾರೆ, ದ್ರಾವಣವನ್ನು ಹುರಿದು ಆಮ್ಲವನ್ನು ಮರಳಿ ಪಡೆಯುತ್ತಾರೆ. ಆದರೂ ಹಿಂದುಳಿದ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ರಾಶಿರಾಶಿಯಾಗಿ ಬಿದ್ದು ವರ್ಷಗಟ್ಟಲೆ ಸುತ್ತಲಿನವರಿಗೆ ತಲೆನೋವಾಯಿತು. ಆಮ್ಲದ ಸುತ್ತು ಮುಚ್ಚಿದರೆ ಸಾಲದು, ಪುಡಿಯ ದಾರಿಯೂ ತೆರೆದಿರಬೇಕು.

ಬೇರೆ ಆಮ್ಲಗಳೂ ಇವೆ. ಬಟ್ಟೆಯ ಮೇಲಿನ ತುಕ್ಕಿನ ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಚೆನ್ನಾಗಿ ಕರಗಿಸುತ್ತದೆ. ಆ ಹಸಿರು ಹಳದಿ ದ್ರಾವಣವನ್ನು ಬಿಸಿಲಿಗಿಟ್ಟರೆ ಬೆಳಕಿನ ಬಲದಿಂದಲೇ ಕಬ್ಬಿಣ ರೂಪ ಬದಲಿಸಿ ಫೆರಸ್ ಆಕ್ಸಲೇಟ್ ಎಂಬ ಹಳದಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಬ್ಯಾಟರಿ ತಯಾರಿಕೆಯಲ್ಲಿ ಈ ಪುಡಿಗೆ ಬೆಲೆಯಿದೆ. ಹೈಡ್ರೋಜನ್ ಹರಿಸಿ ಕಾಯಿಸಿದರೆ ನುಣುಪಾದ ಕಬ್ಬಿಣದ ಪುಡಿಯಾಗುತ್ತದೆ. ಕಲಬುರಗಿ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ ಎನ್ನಿಸುತ್ತದೆ. ಅಂಥ ಆಸೆ ಹುಟ್ಟಿದಾಗಲೂ ಅದೇ ಪ್ರಶ್ನೆ ಕೇಳಬೇಕು: ಆಮ್ಲ ಮರಳುತ್ತದೆಯೇ? ಇಲ್ಲ. ಬೆಳಕು ಬಿದ್ದಾಗ ಅದರ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಇನ್ನೊಂದು ಪಾಲು ಪುಡಿಯೊಳಗೆ ಸೇರಿ ಹೊರಟುಹೋಗುತ್ತದೆ. ಪ್ರತಿ ಸುತ್ತಿಗೂ ಹೊಸ ಆಮ್ಲ ಕೊಳ್ಳಬೇಕು. ದುಬಾರಿ ಉತ್ಪನ್ನಕ್ಕೆ, ಸಣ್ಣ ಪ್ರಮಾಣಕ್ಕೆ ಇದು ಸರಿ.

ಮೂರನೆಯದು ವಿದ್ಯುತ್ತಿನ ದಾರಿ. ಅಮೆರಿಕದ ಕೊಲೊರಾಡೋದಲ್ಲಿ ಇಲೆಕ್ಟ್ರಾ ಎಂಬ ಕಂಪನಿ ಬಡ ಅದಿರನ್ನೂ ಆಮ್ಲದಲ್ಲಿ ಕರಗಿಸಿ, ಸುಮಾರು 60 ಡಿಗ್ರಿ ಬಿಸಿಯಲ್ಲಿ ವಿದ್ಯುತ್ ಹರಿಸಿ, ಶೇ 99 ಮೀರಿದ ಶುದ್ಧತೆಯ ಕಬ್ಬಿಣದ ಫಲಕಗಳನ್ನು ತೆಗೆಯುವ ಪ್ರಾಯೋಗಿಕ ಘಟಕವನ್ನು 2024ರಲ್ಲಿ ಆರಂಭಿಸಿತು. ಈ ಬಗೆಯ ವಿಧಾನದಲ್ಲಿ ಒಂದು ಧ್ರುವದಲ್ಲಿ ಕಬ್ಬಿಣ ಅಂಟಿಕೊಳ್ಳುವಾಗ ಇನ್ನೊಂದು ಧ್ರುವದಲ್ಲಿ ಆಮ್ಲ ತಾನಾಗಿ ಹುಟ್ಟುತ್ತದೆ. ನೀರು ಕುದಿಸುವ ಕೆಲಸವಿಲ್ಲ. ಆದರೆ ಟನ್ ಕಬ್ಬಿಣಕ್ಕೆ 3,000 ಯೂನಿಟ್ ಆಸುಪಾಸು ವಿದ್ಯುತ್ ಬೇಕು, ಗೃಹಜ್ಯೋತಿಯ 200 ಯೂನಿಟ್ಟನ್ನು ತಿಂಗಳು ತಿಂಗಳೂ ಪೂರ್ತಿ ಬಳಸುವ ಮನೆಯೊಂದರ ಹದಿನೈದು ತಿಂಗಳ ಕರೆಂಟು. ಅದು ಸೌರಶಕ್ತಿಯಿಂದ ಬಂದರೆ ಈ ದಾರಿಗೆ ಭವಿಷ್ಯವಿದೆ ಎಂದು ನಾನು ನಂಬುತ್ತೇನೆ. ಪಾವಗಡದಲ್ಲಿ ಬಿಸಿಲನ್ನು ವಿದ್ಯುತ್ ಮಾಡಿದ ರಾಜ್ಯ ನಮ್ಮದು.

ಇಷ್ಟು ಹೇಳುವಾಗ ನಮ್ಮ ಕಡೆ ಒಂದು ಮಾತು ಎದ್ದೇ ಏಳುತ್ತದೆ: ‘ಉಳಿದ ಆಮ್ಲಕ್ಕೆ ಯಾಕೆ ಹೆದರಬೇಕು, ಸುಣ್ಣದ ಕಲ್ಲು ನಮ್ಮಲ್ಲಿ ಬೇಕಾದಷ್ಟಿದೆಯಲ್ಲ, ಅದರ ಮೇಲೆ ಸುರಿದರೆ ಆಯಿತು.’ ಕೇಳಲು ಸರಿ, ಆದರೆ ಪೂರ್ತಿ ತಪ್ಪು. ಸುಣ್ಣ ಆಮ್ಲದ ಹುಳಿಯನ್ನು ಕೊಲ್ಲುತ್ತದೆ, ಕ್ಲೋರೈಡನ್ನು ಕೊಲ್ಲುವುದಿಲ್ಲ. ಒಂದು ಟನ್ ಕಬ್ಬಿಣದ ಆಮ್ಲವನ್ನೆಲ್ಲ ಸುಣ್ಣಕ್ಕೆ ಕುಡಿಸಿದರೆ ಸುಮಾರು 3 ಟನ್ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ನೀರಿನಲ್ಲಿ ಕರಗಿ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಕ್ಲೋರೈಡಿಗೆ ನಮ್ಮ ರಾಷ್ಟ್ರೀಯ ಮಾನದಂಡ ಹೇಳುವ ಒಪ್ಪಿತ ಮಿತಿ ಲೀಟರಿಗೆ 250 ಮಿಲಿಗ್ರಾಂ. ಆ ಒಂದೇ ಟನ್ನಿನ ಕ್ಲೋರೈಡ್ ಸುಮಾರು 76 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ನಮ್ಮ ನೆಲದಡಿಯ ಸುಣ್ಣದ ಕಲ್ಲು ಪದರಪದರವಾಗಿದೆ, ಬಿರುಕು ಬಿಟ್ಟಿದೆ. ಮೇಲೆ ಸುರಿದದ್ದು ಬಾವಿಗೂ ಬೋರ್‌ವೆಲ್ಲಿಗೂ ಇಳಿಯಲು ತಡವಿಲ್ಲ. ಆಮೇಲೆ ಕಾಗಿಣಾ, ಅಲ್ಲಿಂದ ಭೀಮಾ.

ಆಮ್ಲದಲ್ಲಿ ಕರಗದೆ ಉಳಿದ ಸಿಲಿಕಾ ಮಣ್ಣನ್ನಾದರೂ ಕೋಡ್ಲಾ, ವಾಡಿಯ ಬಟ್ಟಿಗಳಿಗೆ ಹಾಕಬಹುದಲ್ಲ? ಹಾಕಬಹುದು, ಚೆನ್ನಾಗಿ ತೊಳೆದಿದ್ದರೆ. ಸಿಮೆಂಟ್ ಬಟ್ಟಿಗೆ ಕ್ಲೋರೈಡ್ ಆಗದು. ಬಿಸಿಗೆ ಆವಿಯಾಗಿ ಮೇಲೇರಿ, ತಣ್ಣಗಿರುವ ಪ್ರಿಹೀಟರ್ ಸೈಕ್ಲೋನಿನ ಗೋಡೆಗೆ ಉಪ್ಪಾಗಿ ಅಂಟಿ, ಹೆಪ್ಪುಗಟ್ಟಿ, ದಾರಿ ಕಟ್ಟಿಸುತ್ತದೆ. ಅದನ್ನು ಬಿಡಿಸುವುದು ಕಾರ್ಮಿಕರಿಗೆ ಅಪಾಯದ ಕೆಲಸ. ಸಿಮೆಂಟಿನಲ್ಲಿ ಉಳಿದರೆ ಕಾಂಕ್ರೀಟಿನೊಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಸಿಮೆಂಟಿನಲ್ಲಿ ಕ್ಲೋರೈಡ್ ಶೇ 0.1 ಮೀರಬಾರದೆಂಬ ನಿಯಮವಿದೆ. ತೊಳೆಯಲು ಮತ್ತೆ ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಸೀಮೆಯಲ್ಲಿ ಅದೂ ಲೆಕ್ಕಕ್ಕೆ ಬರಬೇಕು.

ಹಾಗಾದರೆ ಬಡ ಕಬ್ಬಿಣದ ಸರಿಯಾದ ಜಾಗ ಯಾವುದು? ಬಹುಪಾಲಿಗೆ ಈಗಿರುವ ಜಾಗವೇ ಸರಿ. ಸಿಮೆಂಟ್ ಬಟ್ಟಿಗೆ ಕಬ್ಬಿಣ ಬೇಕು, ಶುದ್ಧ ಕಬ್ಬಿಣ ಬೇಕಿಲ್ಲ. ಜಂಬಿಟ್ಟಿಗೆಯ ಅಲ್ಯುಮಿನಾ, ಸಿಲಿಕಾ ಬೇರೆ ಕಡೆ ಕಸವಾದರೆ ಇಲ್ಲಿ ಅವೂ ಸರಕು. ಬೆಳಗಾವಿಯಲ್ಲಿ ಹಿಂಡಾಲ್ಕೊ ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನ ತುಂಬ ಕಬ್ಬಿಣದ ಆಕ್ಸೈಡ್ ಇದೆ. ವರ್ಷಕ್ಕೆ 12 ಲಕ್ಷ ಟನ್ ಕೆಂಪು ಕೆಸರನ್ನು ತನ್ನ ಘಟಕಗಳಿಂದ ಅಲ್ಟ್ರಾಟೆಕ್‌ನ ಸಿಮೆಂಟ್ ಕಾರ್ಖಾನೆಗಳಿಗೆ ಕೊಡುವುದಾಗಿ ಹಿಂಡಾಲ್ಕೊ 2020ರಲ್ಲಿ ಹೇಳಿತು. ಗುಡ್ಡ ಅಗೆದು ಹೊಸ ಜಂಬಿಟ್ಟಿಗೆ ತರುವುದಕ್ಕಿಂತ ಬಿದ್ದಿರುವ ಕೆಸರನ್ನು ಸುಡುವುದು ಎಷ್ಟೋ ಮೇಲು. ಚಿಂಚೋಳಿ ಕಾಡಿನ ಅಂಚಿನ ಕೆಂಪು ಗುಡ್ಡಗಳು ಹಾಗಾದರೂ ಉಳಿಯಲಿ.

ಶುದ್ಧ ಕಬ್ಬಿಣದ ಆಸೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನದ ವಿಭಾಗವಿದೆ. ಪ್ರತಿ ಸಿಮೆಂಟ್ ಕಾರ್ಖಾನೆಯಲ್ಲೂ ಮಣ್ಣಿನ ಅಂಶ ಅಳೆಯುವ ಪ್ರಯೋಗಾಲಯವಿದೆ. ನಮ್ಮ ಸೀಮೆಗೆ ಬರುವ ಕಬ್ಬಿಣದ ಸರಕಿನಲ್ಲಿ ಯಾವುದರಲ್ಲಿ ಎಷ್ಟು ಕಬ್ಬಿಣ, ಎಷ್ಟು ಅಲ್ಯುಮಿನಿಯಂ, ಎಷ್ಟು ಸುಣ್ಣ, ಎಷ್ಟು ಕ್ರೋಮಿಯಂ ಇದೆ ಎಂದು ಅಳೆದು ಪಟ್ಟಿ ಮಾಡುವುದು ಮೊದಲ ಕೆಲಸ. ಯಾವ ಮಣ್ಣು ಬಟ್ಟಿಗೆ, ಯಾವುದು ಆಮ್ಲಕ್ಕೆ, ಯಾವುದು ಗುಡ್ಡದಲ್ಲೇ ಇರಲಿ ಎಂಬುದು ಆ ಪಟ್ಟಿಯಿಂದ ಗೊತ್ತಾಗುತ್ತದೆ. ನಮ್ಮ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಇದು.

ನಾಳೆ ಯಾರಾದರೂ ಇಂಥ ಘಟಕ ತರುತ್ತೇವೆಂದು ಬಂದರೆ, 2006ರ ಪರಿಸರ ಅಧಿಸೂಚನೆ ಕೊಟ್ಟಿರುವ ಸಾರ್ವಜನಿಕ ಆಲಿಕೆ ಸಭೆಯಲ್ಲಿ ಊರವರು ಮೂರು ಪ್ರಶ್ನೆ ಕೇಳಲಿ. ನೂರು ಲೀಟರ್ ಆಮ್ಲ ಒಳಗೆ ಹೋದರೆ ಎಷ್ಟು ಲೀಟರ್ ಮರಳಿ ತೊಟ್ಟಿಗೆ ಬರುತ್ತದೆ? ಮರಳದ ಕ್ಲೋರೈಡ್ ಎಲ್ಲಿ ಸೇರುತ್ತದೆ? ತಯಾರಾದ ಪುಡಿಯನ್ನು ಕೊಳ್ಳುವವರು ಯಾರು? ಉದ್ಯೋಗದ ಮಾತು, ಹೂಡಿಕೆಯ ಮಾತು ಆಮೇಲೆ ಬರಲಿ. ಈ ಮೂರಕ್ಕೂ ಅಂಕಿಯಲ್ಲಿ, ಬರಹದಲ್ಲಿ ಉತ್ತರ ಕೊಡುವ ಯೋಜನೆಯನ್ನು ನಾವು ಸ್ವಾಗತಿಸೋಣ. ಉತ್ತರ ಕೊಡಲಾಗದ ಯೋಜನೆ ಎಷ್ಟೇ ಶುದ್ಧ ಕಬ್ಬಿಣ ತೆಗೆದರೂ ಅದರ ಕೊಳೆಯನ್ನು ಹೊರುವುದು ನಮ್ಮ ನೀರು. ಅಂಥದಕ್ಕೆ ಒಪ್ಪಿಗೆ ಕೊಡಬಾರದು.